ಅಘನಾಶಿನಿಯ ಬಳಚು, ನಮ್ಮ ಕಡಿ ಮಾತು

ಸಾಲಹಳ್ಳಿ ಕಡೆಯವರಿಗೆ ಬಳಚು ಅಂದ್ರೆ ಏನು ಅಂತ ಮೊದಲು ಹೇಳಬೇಕು. ಎರಡು ಚಿಪ್ಪಿನ ನಡುವೆ ಮೆತ್ತನೆಯ ಮಾಂಸ ಇರುವ ಜೀವಿ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಸಿಗುತ್ತದೆ. ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳೆಯನ ಊರು ಅಲ್ಲೇ. ಹೋದ ಬೇಸಿಗೆಯಲ್ಲಿ ಅವನ ದೊಡ್ಡಮ್ಮನ ಹಿಂದೆ ನಾನೂ ಹೊಳೆಗೆ ಇಳಿದೆ.

ನೀರು ಇಳಿಯುವ ಹೊತ್ತು ನೋಡಿಯೇ ಹೊರಡಬೇಕು. ಆ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ದೊಡ್ಡಮ್ಮ ಕಣ್ಣಿನಿಂದ ಹುಡುಕಲೇ ಇಲ್ಲ, ಅಂಗಾಲಿನಿಂದ ಹುಡುಕಿದರು. ಗಟ್ಟಿ ತಗುಲಿದಲ್ಲಿ ಬಾಗಿ, ಕೆಸರು ತೋಡಿ, ಬುಟ್ಟಿಗೆ ಹಾಕಿದರು. ನನ್ನ ಕಾಲಿಗೆ ಸಿಕ್ಕಿದ್ದು ಬಹಳಷ್ಟು ಖಾಲಿ ಚಿಪ್ಪು. ಎರಡು ತಾಸಿಗೆ ಅವರದು ಅರ್ಧ ಬುಟ್ಟಿ, ನನ್ನವು 17. ಅದರಲ್ಲೂ ನಾಲ್ಕನ್ನು ಆರಿಸಿ ಹೊಳೆಗೆ ಬಿಟ್ಟರು.

“ಅದು ಮರಿ ತಮ್ಮಾ. ಎಲ್ಲಾ ಈಗಲೇ ಬಳಿದರೆ ಮುಂದಿನ ವರ್ಷಕ್ಕೆ?”

ಬಳಚಿಗೆ ಬರೀ ಉಪ್ಪುನೀರೂ ಆಗದು, ಬರೀ ಸಿಹಿನೀರೂ ಆಗದು. ಎರಡೂ ಬೆರೆಯಬೇಕು. ಶಿರಸಿ ಕಡೆಯಿಂದ ಇಳಿದು ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು 2024ರ ಜನವರಿಯಲ್ಲಿ ಘೋಷಿಸಿದರು. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಆಗಲೇ ಸೇರಿತು.

ಈಗ ಇದೇ ಹೊಳೆಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪವಿದೆ. “ಸಮುದ್ರಕ್ಕೆ ಹರಿದು ವ್ಯರ್ಥ ಆಗೋ ನೀರು” ಅನ್ನುವುದು ಬಯಲುಸೀಮೆಯ ಮಾತು. ನವಿಲುತೀರ್ಥದ ಗೇಟು ಯಾವಾಗ ತೆಗೀತಾರೆ ಅಂತ ಕಾಯುವ ನಮಗೆ, ಮಲಪ್ರಭೆಗೆ ಮಹದಾಯಿ ನೀರು ಕೊಡ್ರಿ ಅಂತ ರಸ್ತೆಗೆ ಇಳಿದ ನಮಗೆ, ಆ ಮಾತು ಬಾಯಿಪಾಠ. ನೀರಡಿಸಿದವರು ನೀರು ಕೇಳುವುದರಲ್ಲಿ ತಪ್ಪಿಲ್ಲ, ನಾನೂ ಕೇಳುತ್ತೇನೆ. ಆದರೆ ‘ವ್ಯರ್ಥ’ ಅನ್ನುವುದನ್ನು ಒಪ್ಪಲಾರೆ. ಆ ನೀರು ಸಮುದ್ರ ಮುಟ್ಟುವ ಜಾಗದಲ್ಲೇ ದೊಡ್ಡಮ್ಮನ ಅವತ್ತಿನ ದುಡಿಮೆ ಇತ್ತು.

ಮನೆಗೆ ಬಂದ ಮೇಲೆ ಬಳಚನ್ನು ಉಪ್ಪುನೀರಲ್ಲಿ ಕೆಲವು ತಾಸು ಇಟ್ಟರು, ಒಳಗಿನ ಮರಳು ಉಗುಳಲಿ ಅಂತ. ಆಮೇಲೆ ಉಜ್ಜಿ ತೊಳೆದು, ಮುಚ್ಚಿ ಬೇಯಿಸಿದರು. ಬೆಂದಂತೆ ಒಂದೊಂದೇ ಬಾಯಿ ಬಿಟ್ಟವು. ಬಿಡದೇ ಇದ್ದವನ್ನು ತಿಪ್ಪೆಗೆ ಎಸೆದರು. ಅವನ್ನು ತಿಂದರೆ ಹೊಟ್ಟೆ ಕೆಡುತ್ತದಂತೆ. ಕಾಯಿತುರಿ, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಶಿನ, ಹುಣಸೆಹುಳಿ ರುಬ್ಬಿ ಹಾಕಿದರು. ಉಪ್ಪು ಮಾತ್ರ ರುಚಿ ನೋಡಿ ಹಾಕಬೇಕು, ಬಳಚಿನಲ್ಲೇ ಇರುತ್ತದೆ.

ಅವರು ಅನ್ನಕ್ಕೆ ಕಲಸಿಕೊಂಡರು. ನಾನು ಊರಿಂದ ಒಯ್ದ ಕಟಕ ರೊಟ್ಟಿ ಮುರಿದು ರಸಕ್ಕೆ ಅದ್ದಿದೆ. ದೊಡ್ಡಮ್ಮ ಒಂದು ತುಂಡು ಕೇಳಿ ಪಡೆದು, ಇನ್ನೊಂದಕ್ಕೂ ಕೈ ಚಾಚಿದರು.