ಮಗ್ಗದ ಊರಿನ ಸದ್ದು

ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವವರಿಗೆ ದೊಡ್ಡಬಳ್ಳಾಪುರ ದಾರಿಯಲ್ಲಿ ಸಿಗುವ ಊರು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು. ಬಸ್ಸಿಳಿದು ನೇಕಾರರ ಬೀದಿಗಳತ್ತ ನಡೆದರೆ ಮನೆಮನೆಯಿಂದಲೂ ಟಕಟಕ ಸದ್ದು! ನಾವು ಹಬ್ಬಕ್ಕೆ, ಮದುವೆಗೆ ಉಡುವ ಎಷ್ಟೋ ಸೀರೆಗಳು ಇಲ್ಲಿನ ವಿದ್ಯುತ್ ಮಗ್ಗಗಳಲ್ಲೇ ಹುಟ್ಟಿದಂಥವು.

ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡುಗೆಮನೆ. ಎಷ್ಟೋ ಮನೆಗಳಲ್ಲಿ ಹೀಗೇ. ಲಾಳಿಯ ಹೊಡೆತದ ನಡುವೆಯೇ ಮಕ್ಕಳ ಪಾಠ, ಬಾಣಂತಿಯ ಆರೈಕೆ. "ಇಷ್ಟು ಸದ್ದಲ್ಲಿ ನಿದ್ದೆ ಹೇಗ್ರೀ ಬರತ್ತೆ?" ಅಂದರೆ, "ಮಗ್ಗ ನಿಂತರೇ ಎಚ್ಚರ ಆಗೋದು ಕಣಮ್ಮ, ಕರೆಂಟು ಹೋಯ್ತು ಅಂತ!" ಎಂದು ನಗುತ್ತಾರೆ.

ಮನಸ್ಸಿಗೆ ಅಭ್ಯಾಸವಾದೀತು. ಕಿವಿಗೆ? ಸದ್ದನ್ನು ಅಳೆಯುವುದು ಡೆಸಿಬೆಲ್ ಲೆಕ್ಕದಲ್ಲಿ. 2000ದ ಕೇಂದ್ರ ನಿಯಮಗಳ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55, ರಾತ್ರಿ 45 ಮೀರಬಾರದು. ಮಗ್ಗದ ಕೋಣೆಯಲ್ಲಿ 90 ದಾಟುವುದು ಸಾಮಾನ್ಯ. 85ರಲ್ಲಿ ದಿನಕ್ಕೆ ಎಂಟು ಗಂಟೆ ಕಿವಿಗೆ ಮಿತಿ ಎನ್ನುತ್ತಾರೆ ತಜ್ಞರು. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕಿಳಿಯುತ್ತದೆ. 91ಕ್ಕೆ ಬರೀ ಎರಡು ಗಂಟೆ!

ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸ್ವರಗಳು. ಸ, ಶ, ಚ ಅಕ್ಷರಗಳು ಜಾರಿ, ಸೊಸೆ "ಸಕ್ಕರೆ" ಎಂದರೆ ಅತ್ತೆಗೆ "ಅಕ್ಕರೆ" ಎಂದು ಕೇಳೀತು. ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಮನೆಯವರು "ಬೇಕಂತಲೇ ಹೀಗಾಡ್ತಾರೆ" ಎಂದು ರೇಗುತ್ತಾರೆ. ಆಕೆ ಮಾತೇ ಕಡಿಮೆ ಮಾಡುತ್ತಾಳೆ.

ಮಗ್ಗ ನಿಲ್ಲಿಸಿದರೆ ಊಟವಿಲ್ಲ, ನಿಜ. ಆದರೂ ಮಾಡಬಹುದಾದದ್ದು ಇದೆ. ಹತ್ತಿ ತುರುಕಿದರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬಿರಡೆ ಸರಿಯಾಗಿ ಕೂತರೆ ಸದ್ದು ಸಾಕಷ್ಟು ತಗ್ಗುತ್ತದೆ. ಮಗ್ಗದ ಕಾಲಡಿ ರಬ್ಬರು ಹಾಸಿದರೆ ನೆಲದ ಅದುರು ಕಡಿಮೆ. ತೊಟ್ಟಿಲು ಮಾತ್ರ ಮಗ್ಗದ ಕೋಣೆಯಲ್ಲಿ ಬೇಡವೇ ಬೇಡ. ಕಿವಿಯಲ್ಲಿ ಗುಂಯ್‌ಗುಟ್ಟಿದರೆ ತಡಮಾಡದೆ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ.

ಸೀರೆ ಕೊಳ್ಳುವಾಗ ಅಂಚು, ಸೆರಗು, ಬಣ್ಣ ನೋಡುತ್ತೇವೆ. ಅದನ್ನು ನೆಯ್ದವಳ ಕಿವಿಯನ್ನೂ ಒಂದು ಗಳಿಗೆ ನೆನೆಯೋಣ, ಅಲ್ಲವೇ?