ಮಳೆಗಾಲದ ಮಲ್ಪೆ

ಉಡುಪಿಯಿಂದ ಪಡುವಣಕ್ಕೆ ಸುಮಾರು 6 ಕಿಲೋಮೀಟರು ಸಾಗಿದರೆ ಮಲ್ಪೆ. ಚಳಿಗಾಲದಲ್ಲಿ ಬರುವ ಪ್ರವಾಸಿಗರು ವಿಶಾಲವಾದ ಮರಳ ದಂಡೆಯನ್ನೂ, ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನೂ ಕಂಡು ತೃಪ್ತರಾಗಿ ಹಿಂದಿರುಗುತ್ತಾರೆ. ಊರಿನ ಬದುಕನ್ನು ಅರಿಯಬೇಕೆನ್ನುವವರು ಮಾತ್ರ ಮಳೆಗಾಲದಲ್ಲಿಯೇ ಬರಬೇಕು. ಕೊಡೆ ತಂದರೂ ಸರಿಯೆ. ಅದರಿಂದ ಪ್ರಯೋಜನವಿಲ್ಲವೆಂಬುದನ್ನು ಕಡಲಗಾಳಿಯೇ ಬೇಗ ತಿಳಿಸಿಕೊಡುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಮೀನುಗಳು ಸಂತಾನ ಬೆಳೆಸುವ ಕಾಲವದು. ದೊಡ್ಡ ದೋಣಿಗಳೆಲ್ಲ ಬಂದರಿನಲ್ಲಿ ಮೈಗೆ ಮೈ ತಾಗಿಸಿ ನಿಂತಿರುತ್ತವೆ. 10 ಅಶ್ವಶಕ್ತಿಯೊಳಗಿನ ಎಂಜಿನು ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿಯುಂಟು. ಆದರೆ ಅಬ್ಬರಿಸುವ ಕಡಲು ಆ ವಿನಾಯಿತಿಯನ್ನು ದಿನವೂ ಮನ್ನಿಸುವುದಿಲ್ಲ. ಅಲೆ ಇಳಿದ ದಿನವೇ ಹೊರಡಬೇಕು. ಅಂದು ಎಂಜಿನು ಕೈಕೊಡಬಾರದು. ಅಳಿವೆಯಲ್ಲಿ ಅದು ನಿಂತರೆ ದೋಣಿ ಅಲೆಗೆ ಅಡ್ಡವಾಗುತ್ತದೆ, ಮುಂದಿನದನ್ನು ಊಹಿಸಿಕೊಳ್ಳಬಹುದು.

ಆದುದರಿಂದಲೇ ದಂಡೆಯ ಚಪ್ಪರಗಳಡಿಯಲ್ಲಿ ಎಂಜಿನುಗಳ ಶುಶ್ರೂಷೆ ನಡೆಯುತ್ತದೆ. ಪ್ರೊಪೆಲರಿನ ಮುಂದುಗಡೆಯ ಹಲ್ಲುಚಕ್ರದ ಪೆಟ್ಟಿಗೆಗೆ ಎರಡು ಬಿರಡೆಗಳಿರುತ್ತವೆ. ಕೆಳಗಿನದು ಎಣ್ಣೆ ಇಳಿಸಲು, ಮೇಲಿನದು ಗಾಳಿ ಹೋಗಲು. ಹೆಬ್ಬೆರಳ ತುದಿಯಷ್ಟಿಲ್ಲದ ಈ ಬಿರಡೆ ಸೋರಿದರೆ ಎಣ್ಣೆ ಹೊರಗೆ, ಉಪ್ಪುನೀರು ಒಳಗೆ. ಇಳಿಸಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ರೋಗ ಗೊತ್ತಾದಂತೆಯೇ. ಹಲವು ಎಂಜಿನುಗಳಲ್ಲಿ ಬಿರಡೆಯ ತುದಿಗೆ ಅಯಸ್ಕಾಂತವಿರುತ್ತದೆ. ಅದಕ್ಕೆ ನವಿರಾದ ಕಬ್ಬಿಣದ ಹುಡಿ ಅಂಟಿದ್ದರೆ ಚಿಂತೆಯಿಲ್ಲ. ಚೂರುಗಳು ಅಂಟಿದ್ದರೆ ಒಳಗೆ ಹಲ್ಲು ಮುರಿದಿದೆ.

ಸೋರುವ ಬಿರಡೆಯನ್ನು ಇನ್ನಷ್ಟು ಬಿಗಿಯುವುದು ಅನನುಭವಿಯ ವೈದ್ಯ. ಪೆಟ್ಟಿಗೆ ಅಲ್ಯುಮಿನಿಯಮ್ ಮಿಶ್ರಲೋಹದ್ದು. ಉಕ್ಕಿನ ಬಿರಡೆಯನ್ನು ಬಲವಂತವಾಗಿ ತಿರುಗಿಸಿದರೆ ಅದರ ಮರೆಯೇ ಸವೆದುಹೋಗುತ್ತದೆ. ಬೇಕಾದುದು ಹೊಸ ವಾಷರು. ಒಮ್ಮೆ ಹಿಂಡಿಹೋದ ವಾಷರು ಮತ್ತೆ ಮೊದಲಿನಂತೆ ಕೂಡುವುದಿಲ್ಲ. ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ಒತ್ತುತ್ತಾರೆ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲಿನ ರಂಧ್ರದಲ್ಲಿ ಗುಳ್ಳೆಯಿಲ್ಲದ ಎಣ್ಣೆ ಇಣುಕಿದೊಡನೆ ಮೊದಲು ಮೇಲಿನ ಬಿರಡೆ, ಅನಂತರ ಕೆಳಗಿನದು. ಈ ಕ್ರಮ ತಪ್ಪಿದರೆ ಎಣ್ಣೆಯೆಲ್ಲ ಮರಳಿನ ಪಾಲು!

ಕೆಲವೊಮ್ಮೆ ಬಿರಡೆ ನಿರಪರಾಧಿ. ಹರಿದ ಬಲೆಯ ನೂಲು ಪ್ರೊಪೆಲರಿನ ದಂಡಕ್ಕೆ ಸುತ್ತಿಕೊಂಡು ಅಲ್ಲಿಯ ರಬ್ಬರು ಸೀಲನ್ನು ಕೊಯ್ದಿರುತ್ತದೆ. ಬಲೆಯಿಂದ ಬದುಕುವವರಿಗೆ ಬಲೆಯೇ ಕೊಡುವ ಕಾಟವಿದು. ಪ್ರೊಪೆಲರನ್ನು ಬಿಚ್ಚಿ ನೋಡದೆ ಬಿರಡೆಯನ್ನೇ ದೂರುವವನು ವಾರದೊಳಗೆ ಮತ್ತೆ ಅದೇ ಕಾಫಿಯನ್ನು ಕಾಣುತ್ತಾನೆ.

ಎಲ್ಲ ಮುಗಿದ ಮೇಲೆ ಎಂಜಿನನ್ನು ನೆಟ್ಟಗೆ ನಿಲ್ಲಿಸಿ, ಒರೆಸಿ, ಅದರಡಿಯಲ್ಲಿ ಹಳೆಯ ಕಾಗದವೊಂದನ್ನು ಹಾಸಿ ರಾತ್ರಿ ಕಳೆಯುತ್ತಾರೆ. ಬೆಳಗ್ಗೆ ಕಾಗದದ ಮೇಲೆ ಕಲೆಯಿಲ್ಲದಿದ್ದರೆ, ಅಳಿವೆಯತ್ತ ನೋಡುತ್ತ ಅಲೆ ಎಣಿಸುವ ಕೆಲಸವೊಂದೇ ಉಳಿಯುತ್ತದೆ.