ಬಿಸಿ ಬಾಡಿಗಿ, ತಣ್ಣನ ಬಾಡಿಗಿ

ಹೋದ ವರ್ಷ ದಸರಾದಿಂದ ಕಾರ್ತಿಕ ಮುಗಿಯೂತನಕಾ ಓಣ್ಯಾಗ ಯಾರು ಸಿಕ್ಕರೂ ನನಗ ಕೇಳೂ ಮಾತು ಒಂದೇ ಆಗಿತ್ತು. "ಏನ್ರಿ, ಮಗಳಿಗೆ ಅಲ್ಲೆ ಮನಿ ಸಿಕ್ತೋ ಇಲ್ಲೋ?" ಗುಡಿಯೊಳಗ ಪ್ರದಕ್ಷಿಣಿ ಹಾಕೋವಾಗ ಅದೇ, ಕಾಯಿಪಲ್ಲೆ ಗಾಡಿ ಮುಂದ ನಿಂತಾಗ ಅದೇ. ಥೇಟ್ ಲಗ್ನಕ್ಕ ಬಂದ ಹುಡುಗಿ ಬಗ್ಗೆ "ವರ ಗೊತ್ತಾತೇನ್ರಿ" ಅಂತ ಕೇಳಿಧಂಗ. ಈಗ ನಮ್ಮ ನೆಗೆಣ್ಣಿ ಮಗಾನೂ ಜರ್ಮನಿಗೆ ಹೊಂಟಾನ, ಮೂಲಿಮನಿ ಕಾಕೂನ ಮೊಮ್ಮಗಳೂ ಹೊಂಟಾಳ. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೂದಕಿಂತ ಒಮ್ಮೆ ಬರದಬಿಟ್ರ ಛಲೋ ಅಂತ ಕೂತೇನಿ.

ನಮ್ಮಾಕಿ ಹೋಗಿದ್ದು ಸ್ಟುಟ್‌ಗಾರ್ಟ್‌ಗೆ. ಬಾಷ್ ಕಂಪನಿ ಹುಟ್ಟಿದ, ಬೆಂಝ್ ಕಾರಿನ ಕಂಪನಿ ಇರೂ ಊರು ಅದು. ಸೀಟು ಸಿಕ್ಕಮ್ಯಾಲೆ ಹಾಸ್ಟೆಲ್ ತಾನೇ ಸಿಗ್ತದ ಅಂತ ನಾವಿಲ್ಲೆ ತಿಳ್ಕೊಂಡಿರ್ತೇವಿ. ಅಲ್ಲೆ ಹಂಗಿಲ್ಲ. ಸೀಟಿನ ಪಾಳಿ ಬ್ಯಾರೆ, ಹಾಸ್ಟೆಲ್ ಪಾಳಿ ಬ್ಯಾರೆ. ಅರ್ಜಿ ಹಾಕಿ ಪಾಳಿಯೊಳಗ ನಿಂತರ ಮುಂದಿನ ಸೆಮಿಸ್ಟರ್‌ಗೆ ಸಿಕ್ಕರೂ ಸಿಗಬಹುದು. ರೊಕ್ಕದ ವಿಷಯಾನೂ ಹೇಳಿಬಿಡ್ತೇನಿ. ವೀಸಾ ಕೊಡೂದಕ್ಕ ಮೊದಲೇ ಒಂದು ವರ್ಷದ ಖರ್ಚಂತ 11,904 ಯೂರೋ ಒಂದು ಖಾತೇದಾಗ ಕಟ್ಟಿಸ್ಕೋತಾರ. ಅಲ್ಲೆ ಹೋದಮ್ಯಾಲೆ ಅದರಾಗಿಂದ ತಿಂಗಳಿಗೆ 992 ಯೂರೋ ಕೈಗೆ ಬರ್ತದ. ಅಷ್ಟರೊಳಗ ಬಾಡಿಗಿ, ಊಟ, ಇನ್ಶೂರೆನ್ಸು, ಎಲ್ಲಾ ಆಗಬೇಕು.

ಮನಿ ಸಿಗದಿದ್ರ ಬರೇ ಮಲಗೂ ತ್ರಾಸ ಅಂತ ತಿಳೀಬ್ಯಾಡ್ರಿ. ಬೆಳಗಾವಿ ಕಡೆ ಹುಡುಗಿ ಒಬ್ಬಾಕಿ, ಇಕಿಗೆ ಸೀನಿಯರ್, ತನ್ನ ಹಾಸ್ಟೆಲ್ ಖೋಲಿಯೊಳಗ ನೆಲದ ಮ್ಯಾಲೆ ಹಾಸಗಿ ಹಾಸಿ ಕೊಟ್ಲು. ಆಕಿ ಹೊಟ್ಟಿ ತಣ್ಣಗಿರಲಿ. ಆದ್ರ ಅಲ್ಲಿ ಕಾಯ್ದೆ ಏನದ ಅಂದ್ರ, ಮನಿಗೆ ಹೊಕ್ಕ ಎರಡು ವಾರದೊಳಗ ಊರ ಕಚೇರಿಗೆ ಹೋಗಿ "ನಾ ಇಂಥಾ ವಿಳಾಸದಾಗ ಇದ್ದೇನಿ" ಅಂತ ಹೆಸರು ಬರಸಬೇಕು. ಅನ್‌ಮೆಲ್ಡುಂಗ್ ಅಂತಾರ ಅದಕ್ಕ. ಅದಕ್ಕ ಮನಿ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ನೆಲದ ಮ್ಯಾಲೆ ಮಲಗಿದಾಕಿಗೆ ಆ ಪತ್ರ ಯಾರು ಕೊಡಬೇಕು? ಹೆಸರು ಬರಸಲಿಲ್ಲಂದ್ರ ಮುಂದ ಅಲ್ಲೇ ಇರೂ ಪರವಾನಿಗಿ ಕಾಗದಪತ್ರ ಹಿಂದ ಬೀಳ್ತಾವ. ದಿವಸಾ ರಾತ್ರಿ ಫೋನಿನ್ಯಾಗ ಆಕಿ ಮಾರಿ ನೋಡಿದ್ರ ನನಗ ಅನ್ನ ಇಳೀತಿದ್ದಿಲ್ಲ.

ಇನ್ನ ಬಾಡಿಗಿ ಲೆಕ್ಕ. ಅಲ್ಲೆ ಎರಡು ನಮೂನಿ ಬಾಡಿಗಿ ಅವ, ತಣ್ಣನ ಬಾಡಿಗಿ, ಬಿಸಿ ಬಾಡಿಗಿ. ನಾ ಚೇಷ್ಟಿ ಮಾಡಲಿಕ್ಹತ್ತಿಲ್ಲ, ಕಾಲ್ಟ್‌ಮೀಟ, ವಾರ್ಮ್‌ಮೀಟ ಅಂದ್ರ ಶಬ್ದಶಃ ಅದೇ. ಬರೇ ಗ್ವಾಡಿ-ಮಾಡಿಗೆ ಕೊಡೂದು ತಣ್ಣಂದು. ಚಳಿಗಾಲಕ್ಕ ಮನಿ ಬೆಚ್ಚಗ ಇಡೂದು, ನೀರು, ಕಸಾ ಒಯ್ಯೂದು ಎಲ್ಲಾ ಕೂಡಿದ್ರ ಬಿಸಿದು. ಕರೆಂಟು, ಇಂಟರ್ನೆಟ್ಟು ಕೆಲವು ಕಡೆ ಅದಕ್ಕೂ ಹೊರಗ. ಹಂಗಾಗಿ ಜಾಹೀರಾತಿನ್ಯಾಗ ಕಮ್ಮಿ ಬಾಡಿಗಿ ಕಂಡ್ರ ಅದು ತಣ್ಣಂದೋ ಬಿಸಿದೋ ಅಂತ ಮೊದಲು ಕೇಳ್ರಿ. ನಾ ಸಣ್ಣಾಕಿದ್ದಾಗ ಸಪ್ತಾಪುರದಾಗ ನಮ್ಮ ತವರುಮನಿ ಹಿತ್ತಲಕಡೆ ಎರಡು ಖೋಲಿ ಕಾಲೇಜು ಹುಡುಗರಿಗೆ ಬಾಡಿಗಿ ಕೊಡ್ತಿದ್ರು. ನಮ್ಮವ್ವ ಮುಂಜಾನೆ ಹಂಡೇದಾಗಿಂದ ತಲಿಗೊಂದು ಬಕೆಟ್ ಬಿಸಿನೀರೂ ಕೊಡ್ತಿದ್ಲು. ಹಂಗ ನೋಡಿದ್ರ ನಮ್ಮವ್ವಂದೂ ಬಿಸಿ ಬಾಡಿಗಿನೇ.

ಅಡ್ವಾನ್ಸ್ ತಣ್ಣನ ಬಾಡಿಗಿ ಮೂರು ತಿಂಗಳದ್ದಕಿಂತ ಹೆಚ್ಚು ಕೇಳೂ ಹಂಗಿಲ್ಲ, ಅದನ್ನೂ ಮೂರು ಕಂತಿನ್ಯಾಗ ಕೊಡಬಹುದು, ಕಾಯ್ದೇನೇ ಅದ. ಬೆಂಗಳೂರಾಗ ಹತ್ತು ತಿಂಗಳದ್ದು ಕೊಟ್ಟ ನಮ್ಮ ಭಾವನವರು ಇದನ್ನ ಕೇಳಿ ಉಸುರು ಬಿಟ್ರು. ಆದ್ರ ಖಾಲಿ ಮನಿ ಅಂದ್ರ ಅಲ್ಲೆ ಖರೇನೇ ಖಾಲಿ. ಭಾಳ ಕಡೆ ಅಡಗಿಮನಿಯೊಳಗ ಒಲಿ ಇರೂದಿಲ್ಲ, ಭಾಂಡೆ ತಿಕ್ಕೂ ಸಿಂಕೂ ಇರೂದಿಲ್ಲ, ಗ್ವಾಡ್ಯಾಗ ನಳದ ಬಾಯಿ ಅಷ್ಟೇ. ದೀಪದ ಕಡೆ ನೋಡಿದ್ರ ಎರಡು ವಾಯರ್ ಜೋತಾಡ್ತಿರ್ತಾವ. ಮೊದಲಿದ್ದವರು ತಮ್ಮ ಅಡಗಿಮನಿ ಬಿಚ್ಚಿಕೊಂಡು ಹೋಗಿರ್ತಾರ! ಅದಕ್ಕ ಓದೂ ಹುಡುಗರು ಮೂರು-ನಾಲ್ಕು ಮಂದಿ ಕೂಡಿ ಇರೂ ಮನಿಯೊಳಗ ಒಂದು ಖೋಲಿ ಹುಡುಕೂದೇ ಶಾಣ್ಯಾತನ. ಅದಕ್ಕ ವೇ-ಗೇ ಅಂತಾರ.

ಅಕ್ಟೋಬರ್‌ನ್ಯಾಗ ಒಂದು ಮನಿ ಫೋಟೋ ಬಂತು. ದೊಡ್ಡ ಕಿಟಕಿ, ಬಿಳೇ ಸೋಫಾ, ಊರ ನಟ್ಟನಡುವ, ಬಾಡಿಗಿ ಬರೇ 380 ಯೂರೋ. ಯಜಮಾನ ಇಂಗ್ಲೆಂಡಿನ್ಯಾಗ ಇದ್ದಾನಂತ, ಎರಡು ತಿಂಗಳ ಬಾಡಿಗಿ ಕಳಿಸಿದ್ರ ಚಾವಿ ಕೊರಿಯರ್ ಮಾಡ್ತಾನಂತ. ಪತ್ರ ಎಷ್ಟು ಸಭ್ಯ ಇತ್ತಂದ್ರ ನಮ್ಮ ಮನಿಯವರು ಬ್ಯಾಂಕಿಗೆ ಹೋಗಲಿಕ್ಕೆ ಅಂಗಿ ಹಾಕ್ಕೊಂಡಿದ್ರು. ಯೂರೋಕ್ಕ ನೂರು ರೂಪಾಯಿ ದಾಟಿತ್ತು, ಅಂದ್ರ ಮುಕ್ಕಾಲು ಲಕ್ಷಕ್ಕೂ ಮ್ಯಾಲೆ. ನಾ ಬಾಗಿಲದಾಗ ನಿಂತು ಅಂದೆ, "ನಮ್ಮವ್ವನ ಖೋಲಿ ಬಾಡಿಗಿ ಅರವತ್ತು ರೂಪಾಯಿ ಇತ್ತು, ಅದನ್ನೂ ಹುಡುಗರು ಖೋಲಿ ನೋಡಿ, ಕಿಡಕಿ ತಗದು ಹಾಕಿ ನೋಡಿ ಕೊಡ್ತಿದ್ರು. ಚಾವಿ ಟಪಾಲಿನ್ಯಾಗ ಕಳಸೂ ಯಜಮಾನನ್ನ ನಾ ಕೇಳಿಲ್ಲ." ಮಗಳು ಆ ಮನಷ್ಯಾಗ ವಿಡಿಯೋದಾಗ ಮನಿ ತೋರಸು ಅಂತ ಬರದ್ಲು. ಅಷ್ಟೇ, ಉತ್ತರಾನೇ ಬರಲಿಲ್ಲ. ಎರಡು ದಿವಸದ ಮ್ಯಾಲೆ ಅದೇ ಬಿಳೇ ಸೋಫಾ ಬ್ಯಾರೆ ಊರಿನ ಹೆಸರಿನ್ಯಾಗ ಬಂದಿತ್ತು.

ಮುಂದ ಚಾಲೂ ಆತು ನೋಡ್ರಿ ಖರೇ ಹೆಣ್ಣು ನೋಡೂ ಕಾರ್ಯಕ್ರಮ. ಮನಿಯೊಳಗ ಮೊದಲಿಂದ ಇರೂ ಹುಡುಗರು ಅಡಗಿಮನಿ ಟೇಬಲ್ ಸುತ್ತ ಕೂತಿರ್ತಾರ, ಇಕಿ ನಡುವ. ಒಂದು ಖೋಲಿಗೆ ಇಪ್ಪತ್ತು-ಮೂವತ್ತು ಮಂದಿ ಬಂದಿರ್ತಾರ. ಎಷ್ಟಕ್ಕ ಮಲಗ್ತೀ, ಬಚ್ಚಲ ತಿಕ್ಕಲಿಕ್ಕೆ ಬರ್ತದೇನು, ಗೆಳೆಯರು ಭಾಳ ಬರ್ತಾರೇನು, ಹಿಂಗ ಪ್ರಶ್ನೆ. ಒಂದು ಮನಿಯೊಳಗ "ನಾ ಶಾಕಾಹಾರಿ" ಅಂತ ಇಕಿ ಭಾಳ ಹೆಮ್ಮಿಲೆ ಹೇಳಿದ್ಲಂತ. ಅವರು ಒಬ್ಬರ ಮಾರಿ ಒಬ್ಬರು ನೋಡಿ, "ಹಾಲು? ತುಪ್ಪ?" ಅಂತ ಕೇಳಿದ್ರು. ಅವರು ಮೂರೂ ಮಂದಿ ಹಾಲು ಮೊಸರು ಮುಟ್ಟೂದಿಲ್ಲಂತ. ನಮ್ಮ ಮಡಿಯೊಳಗಿನ ತುಪ್ಪ ಅವರ ಮನಿಯೊಳಗ ಮೈಲಿಗಿ! ಫ್ರಿಜ್ಜಿನ್ಯಾಗ ಅದಕ್ಕ ಜಾಗಾ ಇಲ್ಲ ಅಂದ್ರಂತ. ನಕ್ಕು ನಕ್ಕು ನನಗ ಹೊಟ್ಟಿ ನೋವು ಬಂತು.

ನಗಲಾರದಂಥಾದ್ದೂ ಒಂದಾತು. ಒಬ್ಬ ಯಜಮಾನರು ಪತ್ರದಾಗ "ಸಂಜಿಕೆ ಬಾ" ಅಂದಿದ್ರು. ಇಕಿ ಥಂಡ್ಯಾಗ ಎರಡು ಟ್ರೇನು ಬದಲಿಸಿ ಹೋಗಿ ಗಂಟಿ ಬಾರಿಸಿದ್ಲು. ಬಾಗಿಲು ತಗದು, ಇಕಿ ಮಾರಿ ನೋಡಿ, "ಖೋಲಿ ಹೋತು" ಅಂದ್ರಂತ. ವಾಪಸ್ ಟ್ರೇನಿನ್ಯಾಗ ಕೂತು ಮೊಬೈಲ್ ತಗದ್ರ ಜಾಹೀರಾತು ಹಂಗೇ ಇತ್ತು. ಮರುದಿವಸಾನೂ ಇತ್ತು. ಇಕಿ ಅಳಲಿಲ್ಲ. "ಹೋಗಲಿ ಬಿಡಮ್ಮ" ಅಂದ್ಲು, ಅದೇ ನನಗ ಹೆಚ್ಚು ಸಂಕಟ ಆತು.

ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ನಾ ಆರನೇತ್ತಾ ಇದ್ದಾಗ ನಮ್ಮನಿ ಕಟ್ಟಿಗೆ ಒಬ್ಬ ಹುಡುಗ ಹೆಗಲ ಮ್ಯಾಲೆ ಟ್ರಂಕು ಹೊತ್ತು ಬಂದಿದ್ದ. ಕೊಪ್ಪಳ ಕಡ್ಯಾಂವ, ಬಿ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ನಮ್ಮವ್ವ ಯಾವಾಗಲೂ ಕೇಳೂ ಮೂರು ಪ್ರಶ್ನೆ ಕೇಳಿದ್ಲು. ಯಾವೂರು? ಯಾರ ಪೈಕಿ? ಮೊಟ್ಟಿ-ಗಿಟ್ಟಿ ತಿಂತೀಯೇನು? ಅಂವಾ ಮೂರಕ್ಕೂ ಖರೇನೇ ಹೇಳಿದ. "ಖೋಲಿ ಹೋತಪಾ, ನಿನ್ನೆನೇ ಒಬ್ಬರು ಹೇಳಿ ಹೋಗ್ಯಾರ" ಅಂದ್ಲು ಅವ್ವ. ಖೋಲಿ ಖಾಲಿ ಇತ್ತು. ಅಂವಾ ನೀರು ಕೇಳಿದ, ತಂದುಕೊಟ್ಟಾಕಿ ನಾನೇ. ಕುಡದು, ತಂಬಿಗಿ ತೊಳದು ಕಟ್ಟಿ ಮ್ಯಾಲೆ ಬೋರಲು ಇಟ್ಟು, ಟ್ರಂಕು ಎತ್ತಿಕೊಂಡು ಹೋದ. ಆ ಖೋಲಿ ಮುಂದ ಎರಡು ತಿಂಗಳು ಹಂಗೇ ಬಿತ್ತು. ನಮ್ಮವ್ವ ಕೆಟ್ಟಾಕಿ ಅಲ್ಲ, ನಿಮಗೆಲ್ಲಾ ಗೊತ್ತದ, ಆಕಿ ಕೈ ಊಟ ಉಂಡವರು ನೀವು. ಆದ್ರ ಅಂವಾ ಆ ರಾತ್ರಿ ಎಲ್ಲೆ ಮಲಗಿದ್ನೋ ಅಂತ ನನಗ ನಲವತ್ತು ವರ್ಷದ ಮ್ಯಾಲೆ ಚಿಂತಿ ಹತ್ತಿತು.

ಕಡೀಕೆ ಹನ್ನೊಂದನೇ ಮನಿ ಹಣ್ಣಾತು. ಫೈಹಿಂಗನ್ ಅಂತ, ಇಕಿ ಯುನಿವರ್ಸಿಟಿ ಇರೂ ಭಾಗ. ಆ ಖೋಲಿ ಹುಡುಗಿ ತಾನೇ ಓದಲಿಕ್ಕೆ ಆರು ತಿಂಗಳು ಸ್ಪೇನಿಗೆ ಹೊಂಟಿದ್ಲು. ಅಷ್ಟು ದಿವಸಕ್ಕ ಖೋಲಿ ಇಕಿಗೆ. ಮನಿ ಯಜಮಾನರು ಒಪ್ಪಿ, ಆ ಸಹಿ ಮಾಡಿದ ಪತ್ರಾನೂ ಕೊಟ್ರು. 12 ಚದರ ಮೀಟರ್, ಅಂದ್ರ ನಮ್ಮ ದೇವರಮನಿ ಮತ್ತ ಉಗ್ರಾಣ ಕೂಡಿಸಿದ್ರ ಎಷ್ಟೋ ಅಷ್ಟು. ಬಿಸಿ ಬಾಡಿಗಿ 450 ಯೂರೋ. ಆ ಹುಡುಗಿ ತನ್ನ ರಜಾಯಿ, ಟೇಬಲ್ಲು, ಎರಡು ಪಾತ್ರೆ, ಕುಂಡ್ಯಾಗಿನ ಗಿಡ ಎಲ್ಲಾ ಬಿಟ್ಟು ಹೋಗ್ಯಾಳ. ನನ್ನ ಮಗಳು ಯಾರೋ ತಾಯಿ ಮಗಳ ರಜಾಯಿ ಹೊತ್ಕೊಂಡು ಮಲಗ್ಯಾಳ, ಆ ತಾಯಿ ಮಗಳು ಸ್ಪೇನಿನ್ಯಾಗ ಇನ್ಯಾರದೋ ರಜಾಯಿ ಹೊತ್ಕೊಂಡಿರಬೇಕು.

ಈಗ ಹೊಂಟವರಿಗೆ ಒಂದೆರಡು ಮನಿ ಮಾತು. ಕಿಡಕಿ ಮುಂಜಾನೆ ಸಂಜಿಕೆ ಪೂರಾ ತಗದು ಐದು-ಹತ್ತು ಮಿನಿಟು ಗಾಳಿ ಆಡಸಬೇಕು, ಹೊರಗ ಹಿಮ ಬೀಳ್ತಿದ್ರೂ. ಇಲ್ಲಂದ್ರ ಗ್ವಾಡಿಗೆ ಬೂಸು ಬರ್ತದ, ಆಮ್ಯಾಲೆ ಅಡ್ವಾನ್ಸಿನ್ಯಾಗ ಮುರಕೋಬಹುದು. ಖೋಲಿಗೆಲ್ಲಾ ಹೊಗಿ ಬಂದ್ರ ಕೂಗೂ ಯಂತ್ರ ಹಚ್ಚಿರ್ತಾರ. ಒಣಮೆಣಸಿನಕಾಯಿ ಒಗ್ಗರಣಿ ಹಾಕೋವಾಗ ಅಡಗಿಮನಿ ಬಾಗಿಲು ಹಾಕಿ, ಕಿಡಕಿ ತಗೀರಿ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೊಖೆ ಅಂತ ಅದ. ಒಂದೊಂದು ವಾರ ಒಂದೊಂದು ಮನಿಯವರ ಪಾಳಿ, ಮೆಟ್ಟಲಾ, ಅಂಗಳಾ ಕಸಾ ಹೊಡೀಬೇಕು. ಪಾಳಿ ಬಂದವರ ಬಾಗಿಲಿಗೆ ಬೋರ್ಡು ತೂಗಹಾಕ್ತಾರ. ಇಲ್ಲೆ ಅಂಗಳಕ್ಕ ನೀರು ಹಾಕು ಅಂದ್ರ ಹಾಸಗಿ ಬಿಡಲಾರದಾಕಿ ಅಲ್ಲೆ ಮೆಟ್ಟಲಾ ತಿಕ್ಕಿ ಫೋಟೋ ಕಳಸ್ಯಾಳ!

ಇನ್ನೊಂದು, ಅಲ್ಲೆ ಮನಿಗೆ ನಂಬರು ಇದ್ರೂ ಒಳಗಿನ ಒಂದೊಂದು ಫ್ಲ್ಯಾಟಿಗೆ ಸಾಮಾನ್ಯ ನಂಬರು ಇರೂದಿಲ್ಲ. ಟಪಾಲು ಪೆಟ್ಟಿಗಿ ಮ್ಯಾಲೆ ಹೆಸರು ಇದ್ರ ಪತ್ರ, ಇಲ್ಲಂದ್ರ ಬಂದ ದಾರೀಲೆ ವಾಪಸ್. ಹೊಕ್ಕ ದಿವಸಾನೇ ಹೆಸರು ಅಂಟಸ್ರಿ, ಪಾಸ್‌ಪೋರ್ಟಿನ್ಯಾಗ ಇದ್ಧಂಗೇ.

ಏಪ್ರಿಲ್‌ಗೆ ಅಲ್ಲೆ ಹೊಸ ಸೆಮಿಸ್ಟರ್ ಚಾಲೂ ಆಗ್ಯದ. ಬೀದರ ಕಡೆ ಹುಡುಗಿ ಒಬ್ಬಾಕಿ ಮನಿ ಸಿಗದ ಈಗ ಇಕಿ ಖೋಲಿ ನೆಲದ ಮ್ಯಾಲೆ ಮಲಗ್ತಾಳ. ಮೊನ್ನೆ ವಿಡಿಯೋದಾಗ ನಮ್ಮವ್ವನೂ ಇದ್ಲು, ಎಂಬತ್ನಾಲ್ಕು ಆತು ಆಕಿಗೆ. ಹಿಂದ ಯಾರೋ ಓಡಾಡೂದು ಕಂಡು, "ಯಾರವಾ ಅಕಿ? ಯಾರ ಪೈಕಿ?" ಅಂದ್ಲು.

"ಮನಿ ಹುಡುಕೋರ ಪೈಕಿ, ಅಜ್ಜಿ" ಅಂದ್ಲು ನನ್ನ ಮಗಳು.

ಅವ್ವ ಒಂದು ಗಳಿಗಿ ಸುಮ್ಮನಿದ್ಲು. ಆಮ್ಯಾಲೆ ಕೇಳಿದ್ಲು, "ಊಟ ಆಗ್ಯದೇನು ಆಕೀದು?"